ಸಂದೇಶವೂ ಸಾನ್ನಿಧ್ಯವೂ

ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ, ಭರತ ಹುಣ್ಣಿಮೆಯ ತರುವಾಯ ಡೆಂಕನಮರಡಿಯಲ್ಲಿ ನೆರೆಯುವ ಅಪಾರ ಜನಸ್ತೋಮವು, ಬಿಲ್ಲನ್ನೇರಿದ ಗೊರವಯ್ಯನು ‘ಸದ್ದಲೇ’ ಎಂದು ಕೂಗಿದೊಡನೆ ಉಸಿರು ಬಿಗಿಹಿಡಿದು, ಅವನು ನುಡಿಯಲಿರುವ ಒಂದೇ ವಾಕ್ಯಕ್ಕೆ ಕಿವಿಯಾಗಿ ನಿಲ್ಲುವುದನ್ನು ಕಂಡವರಿಗೆ, ಮಾತಿಗೆ ಮೌನವೇ ಪೀಠವೆಂಬುದನ್ನು ಬೇರೆ ವಿವರಿಸಬೇಕಾಗಿಲ್ಲ. ಹಿಂದೆ ಕಾರ್ಣಿಕವೆನ್ನುವ ಆ ಭವಿಷ್ಯನುಡಿಯು ಜಾತ್ರೆಯಿಂದ ಮರಳುವವರ ಬಾಯಲ್ಲಿ ಊರೂರಿಗೆ ನಡೆದು ಬರುತ್ತಿತ್ತು. ಕಟ್ಟೆಯ ಮೇಲೆ ಕುಳಿತ ಹಿರಿಯರು ಮಳೆ ಬೆಳೆಗಳನ್ನು ನೆನೆದು ಅದರ ಅರ್ಥವನ್ನು ಸಾವಕಾಶವಾಗಿ ಬಿಡಿಸುತ್ತಿದ್ದರು. ಈಗಲಾದರೋ ಗೊರವಯ್ಯನು ಬಿಲ್ಲಿನಿಂದ ನೆಲಕ್ಕೆ ಬೀಳುವಷ್ಟರಲ್ಲೇ ನುಡಿಯು ಮೊಬೈಲಿನಲ್ಲಿ ಸೆರೆಯಾಗಿ, ಹತ್ತಾರು ವ್ಯಾಖ್ಯಾನಗಳ ಸಮೇತ ಕೊಟ್ಟೂರಿನ ಅಂಗಡಿಗೂ ಹರಪನಹಳ್ಳಿಯ ಬಸ್ ನಿಲ್ದಾಣಕ್ಕೂ ತಲುಪಿಬಿಡುತ್ತದೆ. ನಾನು ಕ್ರೈಸ್ತ, ಮೈಲಾರದ ಭಕ್ತಿ ನನ್ನ ನೆರೆಹೊರೆಯವರದು. ಆದರೂ ಈ ವೇಗದಲ್ಲಿ ನಾವೇನನ್ನು ಪಡೆದೆವು, ಏನನ್ನು ಕಳೆದುಕೊಂಡೆವು ಎಂಬ ಪ್ರಶ್ನೆ ಅವರಿಗೂ ನನಗೂ ಸಮಾನವಾದದ್ದು.

ಪಡೆದದ್ದನ್ನು ಮೊದಲು ಒಪ್ಪಿಕೊಳ್ಳುವುದು ನ್ಯಾಯ. ಮಳೆ ಕೈಕೊಟ್ಟ ವರ್ಷ ಕೂಡ್ಲಿಗಿ, ಹರಪನಹಳ್ಳಿ, ಹಡಗಲಿಗಳ ಹಳ್ಳಿಗಳಿಂದ ಬೆಂಗಳೂರಿಗೋ ಮಲೆನಾಡಿನ ಕಾಫಿ ತೋಟಗಳಿಗೋ ಗುಳೆ ಹೋದ ತಾಯಿಯು, ಅಜ್ಜಿಯ ಬಳಿ ಬಿಟ್ಟುಬಂದ ಮಗುವಿನ ಮುಖವನ್ನು ರಾತ್ರಿ ವಿಡಿಯೊ ಕರೆಯಲ್ಲಿ ಕಂಡು ನಿದ್ರಿಸುವಳಾದರೆ, ಆ ಯಂತ್ರವನ್ನು ಶಪಿಸುವ ಅಧಿಕಾರ ಯಾವ ಧರ್ಮೋಪದೇಶಕನಿಗೂ ಇಲ್ಲ. ಈ ಸೀಮೆಯ ಕ್ರೈಸ್ತರಿಗಂತೂ ಯಂತ್ರದ್ವೇಷವು ಸ್ವಂತ ಇತಿಹಾಸದ ಮರೆವೇ ಸರಿ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು, ಬೈಬಲನ್ನು ಕನ್ನಡಕ್ಕೆ ತರುವ ಕಾರ್ಯದಲ್ಲಿ ವರ್ಷಗಟ್ಟಲೆ ದುಡಿದರು. ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ಆರಂಭಿಸಿದ ‘ಮಂಗಳೂರ ಸಮಾಚಾರ’ವು ಮರುವರ್ಷವೇ ಬಳ್ಳಾರಿಗೆ ಬಂದು, ಅಲ್ಲಿಯ ಮಿಷನ್ ಮುದ್ರಣಾಲಯದ ಅಚ್ಚುಮೊಳೆಗಳಿಂದ ‘ಕನ್ನಡ ಸಮಾಚಾರ’ವಾಗಿ ಹೊರಟಿತು. ತಮ್ಮ ಕಾಲದ ಅತಿ ನೂತನ ತಂತ್ರವನ್ನು ಆ ಪಾದ್ರಿಗಳು ಅಂಜದೆ ಕೈಗೆತ್ತಿಕೊಂಡರು.

ಹಾಗಾದರೆ ಮೊಬೈಲೂ ಅಚ್ಚಿನ ಯಂತ್ರದಂತೆ ಒಂದು ಉಪಕರಣ ಮಾತ್ರ, ಒಳಿತು ಕೆಡುಕುಗಳು ಬಳಸುವವನಿಗೆ ಸೇರಿದವು ಎಂದು ಕೆಲವರು ವಾದಿಸುವರು. ಈ ವಾದವು ಅರ್ಧಸತ್ಯ. ಮೊಗ್ಲಿಂಗರ ಪತ್ರಿಕೆಯನ್ನು ಓದಿ ಮಡಿಸಿಟ್ಟ ಮೇಲೆ ಅದು ಓದುಗನನ್ನು ಮತ್ತೆ ಕರೆಯುತ್ತಿರಲಿಲ್ಲ. ಅವನು ಯಾವ ಪುಟದಲ್ಲಿ ಎಷ್ಟು ಹೊತ್ತು ನಿಂತನೆಂದು ಲೆಕ್ಕವಿಡುತ್ತಿರಲಿಲ್ಲ. ಇಂದಿನ ಜಾಲತಾಣಗಳ ಆದಾಯವು ಜಾಹೀರಾತಿನಿಂದ ಬರತಕ್ಕದ್ದಾದುದರಿಂದ, ನಮ್ಮ ಕಣ್ಣು ಪರದೆಯ ಮೇಲೆ ಎಷ್ಟು ಹೆಚ್ಚು ಹೊತ್ತು ನೆಟ್ಟಿರುವುದೋ ಅಷ್ಟೂ ಅವುಗಳಿಗೆ ಲಾಭ. ಒಂದು ರೀಲ್ ಮುಗಿಯುವಷ್ಟರಲ್ಲಿ ಮತ್ತೊಂದು ತಾನಾಗಿ ತೆರೆದುಕೊಳ್ಳುವುದು ಆಕಸ್ಮಿಕವಲ್ಲ, ವ್ಯವಸ್ಥೆ. ನಮ್ಮ ಅವಧಾನವನ್ನೇ ಸರಕಾಗಿಸಿಕೊಂಡ ಉಪಕರಣದ ಎದುರು ಸದುದ್ದೇಶವೊಂದೇ ಸಾಲದು, ವ್ರತವೂ ಬೇಕು.

ಅವಸರದ ಬೆಲೆ ಏನೆಂಬುದನ್ನು ನಮ್ಮ ಕಲ್ಯಾಣ ಕರ್ನಾಟಕವೇ ತೆತ್ತಿದೆ. 2018ರ ಜುಲೈ 13ರಂದು ಬೀದರ್ ಜಿಲ್ಲೆಯಲ್ಲಿ, ಶಾಲಾ ಮಕ್ಕಳಿಗೆ ಚಾಕಲೇಟು ಕೊಟ್ಟ ಪರಸ್ಥಳದ ಸ್ನೇಹಿತರನ್ನು ಮಕ್ಕಳ ಕಳ್ಳರೆಂದು ಬಗೆದು, ಆ ವದಂತಿಯನ್ನು ವಾಟ್ಸ್‌ಆ್ಯಪಿನಲ್ಲಿ ಮುಂದಿನೂರಿಗೆ ದಾಟಿಸಿದ್ದರಿಂದ, ಮುರ್ಕಿ ಗ್ರಾಮದ ಬಳಿ ದಾರಿಗಟ್ಟಿದ ಗುಂಪಿನ ಕೈಯಲ್ಲಿ ಹೈದರಾಬಾದಿನ ಯುವ ಎಂಜಿನಿಯರೊಬ್ಬನು ಪ್ರಾಣ ಕಳೆದುಕೊಂಡನು. ಅದೇ ತಿಂಗಳು ವಾಟ್ಸ್‌ಆ್ಯಪ್ ಕಂಪನಿಯು, ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಳಿಗಿಂತ ಹೆಚ್ಚಿಗೆ ರವಾನಿಸದಂತೆ ಮಿತಿ ಹಾಕುವುದಾಗಿ ಘೋಷಿಸಿತು. ಆದರೆ ಯಂತ್ರಕ್ಕೆ ಹಾಕಿದ ಮಿತಿಯು ಮನಸ್ಸಿಗೆ ಹಾಕಿದ ಮಿತಿಯಾಗಲಾರದು. ಸುಳ್ಳುಸಾಕ್ಷಿಯನ್ನು ನಿಷೇಧಿಸುವ ದಶಾಜ್ಞೆಯು ಸುಳ್ಳನ್ನು ಹುಟ್ಟಿಸಿದವನಿಗೆ ಮಾತ್ರ ಅನ್ವಯಿಸುವುದೆಂದೂ, ವಿಚಾರಿಸದೆ ಮುಂದೆ ದಾಟಿಸಿದ ಬೆರಳು ನಿರ್ದೋಷಿಯೆಂದೂ ಭಾವಿಸುವುದು ಆತ್ಮವಂಚನೆ. ಯೆರಿಕೋವಿನ ದಾರಿಯಲ್ಲಿ ಗಾಯಗೊಂಡು ಬಿದ್ದವನ ಬಳಿ ನಿಂತ ಸಮಾರ್ಯದವನ ಕಥೆಯಲ್ಲಿ ಯೇಸು ನೆರೆಯವನೆಂದು ತೋರಿಸಿಕೊಟ್ಟದ್ದು ಪರಸ್ಥಳದವನನ್ನೇ. ಮುರ್ಕಿಯಲ್ಲಿ ಪರಸ್ಥಳದವನಾಗಿದ್ದುದೇ ಅಪರಾಧವಾಯಿತು.

ಕ್ರೈಸ್ತ ವಿಶ್ವಾಸದ ತಿರುಳಾದ ಅವತಾರತತ್ತ್ವವು ಈ ವಿಚಾರದಲ್ಲಿ ದಾರಿ ತೋರಬಲ್ಲುದು. ಪ್ರವಾದಿಗಳ ಮೂಲಕ ಯುಗಯುಗಾಂತರ ಸಂದೇಶ ಕಳುಹಿದ ದೇವರು, ಸಂದೇಶವು ಸಾಲದೆಂದು ಕಂಡು, ಹಸಿಯುವ, ದಣಿಯುವ, ಮುಟ್ಟಿ ಗುಣಪಡಿಸುವ ಮಾನುಷ ದೇಹವನ್ನು ಧರಿಸಿ ತಾನೇ ಬಂದನೆಂಬುದು ನಮ್ಮ ಶ್ರದ್ಧೆ. 2020ರ ಏಪ್ರಿಲ್ 12ರ ಈಸ್ಟರ್ ದಿನ ಲಾಕ್‌ಡೌನಿನಿಂದ ಚರ್ಚುಗಳ ಬಾಗಿಲು ಮುಚ್ಚಿದ್ದಾಗ ಇದರ ಅರ್ಥ ನಮಗೆ ಅನುಭವವಾಯಿತು. ಪ್ರಸಂಗವೂ ಕೀರ್ತನೆಯೂ ಪರದೆಯ ಮೂಲಕ ಮನೆಗೆ ಬಂದವು, ಹಾಸಿಗೆ ಹಿಡಿದ ಹಿರಿಯರಿಗೆ ಅವು ಅಮೃತಪ್ರಾಯವೂ ಆದವು. ಆದರೆ ಮುರಿದು ಹಂಚಬೇಕಾದ ರೊಟ್ಟಿಯನ್ನು ಯಾವ ಪರದೆಯೂ ಹಂಚಲಾರದಾಯಿತು. ಬರಲಾಗದವನಿಗೆ ಸಂದೇಶವು ಸೇತುವೆ. ಬರಬಲ್ಲವನಿಗೆ ಅದೇ ನೆಪ. ಹಗರಿಬೊಮ್ಮನಹಳ್ಳಿಯ ಆಸ್ಪತ್ರೆಯಲ್ಲಿ ಮಲಗಿರುವ ಬಂಧುವಿಗೆ, ಅದೇ ಊರಿನಲ್ಲಿದ್ದುಕೊಂಡು ಕೈಮುಗಿದ ಚಿತ್ರವೊಂದನ್ನು ಕಳುಹಿಸಿ ಕರ್ತವ್ಯ ಮುಗಿಯಿತೆಂದು ಭಾವಿಸುವ ನಾವು ಆ ಸೇತುವೆಯನ್ನೇ ನೆಪವಾಗಿಸಿಕೊಂಡಿದ್ದೇವೆ.

ಪರದೆಗೆ ಮಿತಿ ಹಾಕಿಕೊಳ್ಳುವುದು ತರುಣರಿಗೆ ಅಸಾಧ್ಯವೆನ್ನುವವರು, 2006ರಲ್ಲಿ ಹದಿನೈದರ ಹರೆಯದಲ್ಲೇ ತೀರಿಕೊಂಡು 2025ರ ಸೆಪ್ಟೆಂಬರ್ 7ರಂದು ಸಂತನೆಂದು ಘೋಷಿತನಾದ ಇಟಲಿಯ ಕಾರ್ಲೊ ಅಕುಟಿಸ್‌ನನ್ನು ನೋಡಲಿ. ಕಂಪ್ಯೂಟರಿನಲ್ಲಿ ನಿಪುಣನಾಗಿ, ಪರಮಪ್ರಸಾದದ ಅದ್ಭುತಗಳ ಕುರಿತು ಜಾಲತಾಣವನ್ನೇ ರಚಿಸಿದ ಆ ಹುಡುಗನು, ವಿಡಿಯೊ ಆಟಕ್ಕೆ ವಾರಕ್ಕೆ ಒಂದೇ ಗಂಟೆಯೆಂದು ತನಗೆ ತಾನೇ ಮಿತಿ ಹಾಕಿಕೊಂಡಿದ್ದನು.

ಈ ಸೀಮೆಯ ನಮ್ಮ ಸಣ್ಣ ಸಣ್ಣ ಸಭೆಗಳು ಕೈಗೊಳ್ಳಬಹುದಾದ ವ್ರತ ಸರಳವಾದದ್ದು. ಸಬ್ಬತ್ತಿನ ವಿಶ್ರಾಂತಿಯನ್ನು ಎತ್ತು ಕತ್ತೆಗಳಿಗೂ ವಿಧಿಸಿದ ಧರ್ಮದವರಾದ ನಾವು, ಭಾನುವಾರ ಮಧ್ಯಾಹ್ನದವರೆಗಾದರೂ ಫೋನಿಗೂ ಅದನ್ನು ವಿಧಿಸೋಣ. ಮೂಲವರಿಯದ ಸುದ್ದಿಯನ್ನು ದಾಟಿಸದಿರೋಣ, ತಪ್ಪಿ ದಾಟಿಸಿದ್ದರೆ ಅದೇ ಗುಂಪಿನಲ್ಲಿ ತಪ್ಪೊಪ್ಪಿಕೊಳ್ಳೋಣ. ಓಟಿಪಿ ಕೇಳುವ ವಂಚಕನಿಂದ ಪಕ್ಕದ ಮನೆಯ ಅಜ್ಜಿಯ ಪಿಂಚಣಿಯನ್ನು ಕಾಯುವುದೂ ಸೇವೆಯೆಂದು ತಿಳಿಯೋಣ. ಆರಾಧನೆ ಮುಗಿದ ಬಳಿಕ ರೋಗಿಯೊಬ್ಬನ ಮನೆಗಾದರೂ ನಡೆದು ಹೋಗೋಣ. ಅಂತ್ಯನ್ಯಾಯವನ್ನು ಕುರಿತು ಯೇಸು ಹೇಳಿದ ದೃಷ್ಟಾಂತದಲ್ಲಿ ಪರಿಗಣನೆಗೆ ಬರುವವು, ಹಸಿದವನಿಗೆ ಉಣಬಡಿಸಿದ್ದು, ರೋಗಿಯನ್ನು ಕಂಡದ್ದು, ಸೆರೆಮನೆಗೆ ಹೋದದ್ದು ಇಂಥವು. ಇವುಗಳಲ್ಲಿ ಯಾವುದನ್ನೂ ಕುಳಿತಲ್ಲಿಂದಲೇ ಬೆರಳಾಡಿಸಿ ಮಾಡಿ ಮುಗಿಸಲಾಗದು.