ವಿಮಾನ ತಡವಾದಾಗ

ಭಟ್ಕಳ, ಹೊನ್ನಾವರ, ಕುಮಟಾ ಈ ಮೂರು ಊರುಗಳಲ್ಲಿ ವಿಮಾನ ನಿಲ್ದಾಣವಿಲ್ಲ. ಆದರೂ ವಿಮಾನದ ಮಾತಿಲ್ಲದ ಓಣಿ ಅಲ್ಲಿ ಅಪರೂಪ. ಕೊಲ್ಲಿ ನಾಡುಗಳಲ್ಲಿ ದುಡಿಯುವವರ ಮನೆಗಳು ಭಟ್ಕಳದಲ್ಲಿ ಎಷ್ಟೋ ಇವೆ. ಉದ್ಯೋಗನಿಮಿತ್ತ ಘಟ್ಟವಿಳಿದು ಬಂದು ನೆಲೆಸಿದ ನಮ್ಮ ಕುಟುಂಬಗಳ ಮಕ್ಕಳೂ ಈಗ ಪುಣೆ, ದೆಹಲಿ, ದುಬೈ ಎಂದು ಚದುರಿದ್ದಾರೆ. ಇವರಿಗೆಲ್ಲ ದಕ್ಷಿಣಕ್ಕೆ ಮಂಗಳೂರು, ಉತ್ತರಕ್ಕೆ ಗೋವೆಯ ದಾಬೋಳಿ ಹಾಗೂ 2023ರಿಂದ ಮೋಪಾ, ಘಟ್ಟ ಹತ್ತಿದರೆ ಹುಬ್ಬಳ್ಳಿ. ಯಾವುದಕ್ಕೆ ಹೊರಟರೂ ಹಲವು ತಾಸುಗಳ ದಾರಿ. ಆದ್ದರಿಂದ ವಿಮಾನ ತಡವೆಂದು ತಿಳಿದಾಗ, ನಗರವಾಸಿಗಳಂತೆ ಮನೆಗೆ ಮರಳಿ ಒಂದಿಷ್ಟು ಮಲಗೆದ್ದು ಬರುವ ಅನುಕೂಲ ಇವರಿಗಿಲ್ಲ.

ತಡವೆಂದೊಡನೆ ಸಿಟ್ಟು ಬರುವುದು ಸಹಜ. ಆದರೆ ಯಾವ ತಡಕ್ಕೆ ಸಿಟ್ಟಾಗಬೇಕು, ಯಾವುದಕ್ಕೆ ಆಗಬಾರದು ಎಂಬುದನ್ನು ಮೊದಲು ಕೇಳಿ ತಿಳಿಯಬೇಕೆಂಬುದು ನಮ್ಮ ಅಭಿಪ್ರಾಯ. ಮಂಗಳೂರಿನ ರನ್‌ವೇ ಗುಡ್ಡದ ನೆತ್ತಿಯನ್ನು ಸಮಮಾಡಿ ಕಟ್ಟಿದ್ದು, ಅಂಚಿನಾಚೆ ಕಣಿವೆ. ಆಷಾಢದ ಮಳೆ ಹಿಡಿದು ಮೋಡ ಕೆಳಗಿಳಿದಾಗ, ರನ್‌ವೇ ಕಾಣದ ಪೈಲಟ್ ಆಕಾಶದಲ್ಲೇ ಸುತ್ತುಹಾಕುತ್ತಾನೆ, ಇಲ್ಲವೆ ಬೆಂಗಳೂರಿಗೋ ಕೊಚ್ಚಿಗೋ ತಿರುಗುತ್ತಾನೆ. ಕೆಳಗೆ ಕಾದವರು ಗೊಣಗುತ್ತಾರೆ. 2010ರ ಮೇ 22ರ ಮುಂಜಾನೆ ದುಬೈಯಿಂದ ಬಂದ ವಿಮಾನ ಇದೇ ರನ್‌ವೇಯನ್ನು ಮೀರಿ ಕಣಿವೆಗೆ ಬಿತ್ತು. ಒಳಗಿದ್ದ 166 ಜನರಲ್ಲಿ 158 ಜನ ತೀರಿಕೊಂಡರು. ಇಳಿಯುವುದು ಬೇಡ, ಮತ್ತೆ ಮೇಲೇರೋಣವೆಂದು ಸಹಪೈಲಟ್ ಮೂರು ಸಲ ಎಚ್ಚರಿಸಿದ್ದರೂ ಮುಖ್ಯ ಪೈಲಟ್ ಇಳಿಸುವುದನ್ನು ಕೈಬಿಡಲಿಲ್ಲವೆಂದು ತನಿಖಾ ವರದಿ ಹೇಳಿತು. ಮೇಲೇರಿ ಒಂದು ಸುತ್ತು ಬಂದಿದ್ದರೆ ಆಗುತ್ತಿದ್ದ ತಡ ಕೆಲವೇ ನಿಮಿಷ.

ಇನ್ನೊಂದು ಬಗೆಯ ತಡವಿದೆ. ಆಕಾಶ ತಿಳಿಯಾಗಿರುತ್ತದೆ, ಫಲಕದಲ್ಲಿ ವೇಳೆ ಮಾತ್ರ ಮುಂದೆ ಮುಂದೆ ಸರಿಯುತ್ತದೆ. ಒಂದೇ ವಿಮಾನ ದಿನಕ್ಕೆ ಹಲವು ಹಾರಾಟ ಮಾಡುವುದರಿಂದ ದೆಹಲಿಯ ಬೆಳಗಿನ ಮಂಜು ಸಂಜೆ ಬಜ್ಪೆಯಲ್ಲಿ ಫಲ ಕೊಡುವುದುಂಟು! ಕೆಲವೊಮ್ಮೆ ಯಂತ್ರದೋಷ, ಸಿಬ್ಬಂದಿಯ ಕೊರತೆ. ಇಂಥಲ್ಲಿ ಸುಮ್ಮನೆ ಕೂಡಬೇಕಾಗಿಲ್ಲ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮದಂತೆ, ಎರಡೂವರೆ ಗಂಟೆಯೊಳಗಿನ ಹಾರಾಟ ಎರಡು ಗಂಟೆ ತಡವಾದರೆ, ವೇಳೆಗೆ ಸರಿಯಾಗಿ ಚೆಕ್‌ಇನ್ ಮಾಡಿದವರಿಗೆ ಆಹಾರ ಕೊಡಬೇಕು. ದೇಶದೊಳಗಿನ ಹಾರಾಟ ಆರು ಗಂಟೆ ಮೀರಿ ತಡವಾಗುವುದಾದರೆ ಬೇರೆ ವಿಮಾನ, ಇಲ್ಲವೆ ಪೂರ್ತಿ ಹಣ ಕೇಳಬಹುದು. ಹವಾಮಾನದಂಥ ಕಾರಣಕ್ಕೆ ಮಾತ್ರ ಪರಿಹಾರಧನ ಸಿಗದು. ಕಾರಣವನ್ನು ತಿಳಿಸುವ ಸಂದೇಶವನ್ನು ಅಳಿಸದೆ ಇಟ್ಟುಕೊಂಡರೆ ಮುಂದೆ ಕೇಂದ್ರ ಸರ್ಕಾರದ ಏರ್‌ಸೇವಾದಲ್ಲಿ ದೂರು ಕೊಡುವಾಗ ನೆರವಾಗುತ್ತದೆ. ಮುಂಬಯಿಯಲ್ಲಿ ವಿಮಾನ ಬದಲಿಸುವವರು ಎರಡು ಹಾರಾಟಗಳಿಗೂ ಒಂದೇ ಟಿಕೆಟ್ ತೆಗೆಸುವುದು ಲೇಸು. ಅಗ್ಗವೆಂದು ಬೇರೆಬೇರೆ ತೆಗೆಸಿದರೆ, ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದಾಗ ನಷ್ಟ ಸಾಮಾನ್ಯವಾಗಿ ಪ್ರಯಾಣಿಕನದೇ.

ರಸ್ತೆಯಲ್ಲಾಗುವ ತಡಕ್ಕೆ ವಿಮಾನದವರು ಕಾಯುವುದಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲೆ ಬಿದ್ದಾಗ ಜೀವಗಳೇ ಹೋದವು. ಕುಮಟಾದಿಂದ ಗೋವೆಯ ಕಡೆಗಿನ ನೇರ ದಾರಿ ದಿನಗಟ್ಟಲೆ ಮುಚ್ಚಿತ್ತು. ಮಳೆಗಾಲದಲ್ಲಿ ಬೆಳಗಿನ ವಿಮಾನವಿದ್ದರೆ ಹಿಂದಿನ ದಿನವೇ ಹೋಗಿ ತಂಗುವುದು ವೆಚ್ಚವೆನಿಸಿದರೂ ಒಳಿತು. ವಿಮಾನ ತಡವೆಂಬ ಸಂದೇಶ ನಂಬಿ ಮನೆಯಿಂದ ತಡವಾಗಿ ಹೊರಡುವುದಂತೂ ಬೇಡ. ಆ ವೇಳೆ ಮತ್ತೆ ಹಿಂದಕ್ಕೆ ಸರಿದೀತು.

ವೃದ್ಧರು ಜೊತೆಗಿದ್ದರೆ ಒಂದು ದಿನಕ್ಕೆ ಹೆಚ್ಚಾಗುವಷ್ಟು ಔಷಧಿ ಕೈಚೀಲದಲ್ಲೇ ಇರಲಿ, ದೊಡ್ಡ ಪೆಟ್ಟಿಗೆಯಲ್ಲಲ್ಲ. ಸಕ್ಕರೆ ಕಾಯಿಲೆಯವರಿಗೆ ಊಟದ ಹೊತ್ತು ಮೀರುವುದು ಅಪಾಯ. ನಾಲ್ಕು ಕಟಿರೊಟ್ಟಿ ಕಟ್ಟಿಕೊಂಡರೆ ಯಾರೂ ನಗುವುದಿಲ್ಲ, ಪಕ್ಕದವರು ಕೇಳಿ ತಿನ್ನುವ ಸಂಭವವೇ ಹೆಚ್ಚು.

ಕರೆತರಲು ಹೋದ ಕಾರಿನ ಚಾಲಕನನ್ನು ಮಾತ್ರ ಎಲ್ಲರೂ ಮರೆಯುತ್ತಾರೆ. ಒಂಬತ್ತಕ್ಕೆ ಬರಬೇಕಾದ ವಿಮಾನ ರಾತ್ರಿ ಒಂದಕ್ಕೆ ಇಳಿದರೆ ಅವನೂ ಅಷ್ಟು ಹೊತ್ತು ನಿದ್ದೆಗೆಟ್ಟಿರುತ್ತಾನೆ. ಮುಂದೆ ಮಳೆಯ ಹೆದ್ದಾರಿಯಲ್ಲಿ ಹೊನ್ನಾವರದವರೆಗೆ ಓಡಿಸಬೇಕು. ಅವನಿಗೆ ಊಟ ಕೊಡಿಸಿ, ಮಂಗಳೂರಿನಲ್ಲೇ ಬೆಳಗಾಗುವವರೆಗೆ ಮಲಗಲು ಬಿಡಿ. ಮನೆಯವರಿಗೆ ಫೋನು ಮಾಡಿ, ಬಾಗಿಲು ಹಾಕಿಕೊಂಡು ಮಲಗಲು ಹೇಳಿದರಾಯಿತು.