ಬಾಗಿಲು ತೆರೆಯುವ ವಿದ್ಯೆ

ಸುರಂಗದೊಳಗಿನ ರೈಲಿನಲ್ಲಿ ಅಪಾಯ ಬಂದರೆ ಪ್ರಯಾಣಿಕರು ಗಾಬರಿಪಡಬಾರದು, ಹೇಳಿದಂತೆ ಕೇಳಬೇಕು ಎಂದು ಅಧಿಕಾರಿಗಳು ಉಪದೇಶಿಸುತ್ತಾರೆ. ಒಳ್ಳೆಯ ಮಾತೇ. ಆದರೆ ಹೇಳುವವನಿಗೇ ಏನು ಹೇಳಬೇಕೆಂದು ತಿಳಿಯದೆ ಹೋದರೆ?

ದಕ್ಷಿಣ ಕೊರಿಯಾದ ಡೇಗು ನಗರದಲ್ಲಿ 2003ರ ಫೆಬ್ರವರಿ 18ರ ಬೆಳಿಗ್ಗೆ ನಡೆದದ್ದನ್ನು ನೋಡಿ. ನೆಲದಡಿಯ ನಿಲ್ದಾಣಕ್ಕೆ ಬಂದ ಗಾಡಿಯಲ್ಲಿ ಒಬ್ಬ ಮನುಷ್ಯ ಪೆಟ್ರೋಲಿಗೆ ಬೆಂಕಿಯಿಟ್ಟ. ಬಾಗಿಲು ತೆರೆದಿದ್ದುದರಿಂದ ಆ ಗಾಡಿಯ ಬಹಳ ಮಂದಿ ಓಡಿ ಪಾರಾದರು. ಕೆಲವೇ ನಿಮಿಷಗಳಲ್ಲಿ ಎದುರು ಹಳಿಯ ಮೇಲೆ ಇನ್ನೊಂದು ಗಾಡಿ ಅದೇ ಹೊಗೆಯೊಳಕ್ಕೆ ಬಂದು ನಿಂತಿತು. ವಿದ್ಯುತ್ತು ಹೋಯಿತು, ಗಾಡಿ ಕದಲಲಿಲ್ಲ. ಒಳಗೇ ಇರಿ ಎಂದು ಜನರಿಗೆ ಹೇಳಲಾಯಿತು. ಜನ ಇದ್ದರು. ಕೊನೆಗೆ ಚಾಲಕ ಕೀಲಿಯನ್ನು ಕಿತ್ತುಕೊಂಡು ಹೊರಬಿದ್ದ. ಎಷ್ಟೋ ಬಾಗಿಲುಗಳು ಮುಚ್ಚಿಯೇ ಉಳಿದವು. ಸತ್ತವರು 192 ಮಂದಿ. ಅವರಲ್ಲಿ ಹೆಚ್ಚಿನವರು ಈ ಎರಡನೆಯ ಗಾಡಿಯವರು!

ಬಾಗಿಲನ್ನು ಕೈಯಿಂದ ತೆರೆಯುವ ಸಾಧನ ಬೋಗಿಯೊಳಗೇ ಇತ್ತು. ಅದನ್ನು ಬಲ್ಲವರು ಎಷ್ಟು ಮಂದಿ? ಆಸನಗಳೂ ನೆಲಹಾಸೂ ಬೆಂಕಿಗೆ ಸುಲಭವಾಗಿ ತುತ್ತಾಗುವಂಥವು. ಇಡೀ ಗಾಡಿಗೆ ಒಬ್ಬನೇ ನೌಕರ. ಚಾಲಕರು ಜೈಲಿಗೆ ಹೋದರು, ಹೋಗಲಿ; ಆದರೆ ಅಗ್ಗದ ಮೆತ್ತೆಯನ್ನು ಆರಿಸಿದ ಲೆಕ್ಕಾಚಾರ ಚಾಲಕನದೇ?

ಹಾಗೆಂದು ಗಾಡಿ ನಿಂತ ಕೂಡಲೇ ಹೊರಗೆ ಜಿಗಿಯಿರೆಂದು ನಾನು ಹೇಳುತ್ತಿಲ್ಲ. ಬೆಂಗಳೂರಿನಲ್ಲಿ 2016ರಿಂದ ಮೆಟ್ರೋ ನೆಲದಡಿಯಲ್ಲೂ ಓಡುತ್ತಿದೆ. ಹಳಿಗಳ ಪಕ್ಕದ ಮೂರನೆಯ ಹಳಿಯಲ್ಲಿ 750 ವೋಲ್ಟಿನ ವಿದ್ಯುತ್ತು ಹರಿಯುತ್ತದೆ. ಬೆಂಕಿ ಹೊಗೆಗಳಿಲ್ಲದಿದ್ದರೆ ಗಾಡಿಯೊಳಗಿರುವುದೇ ಕ್ಷೇಮ. ಹೊಗೆ ಕಂಡರೆ ಚಾಲಕನಿಗೆ ತಿಳಿಸುವ ಗುಂಡಿಯನ್ನು ಒತ್ತಿ, ಪಕ್ಕದ ಬೋಗಿಗೆ ಸರಿಯಬೇಕು. ಬಗ್ಗಿ ನಡೆಯಬೇಕು, ಮೂಗು ಬಾಯಿಗಳಿಗೆ ಬಟ್ಟೆ ಹಿಡಿಯಬೇಕು. ಗಂಟುಮೂಟೆಯ ಆಸೆ ಬಿಡಬೇಕು. ನಿಲ್ದಾಣದಲ್ಲಿ ಗಾಡಿ ನಿಂತಿದ್ದು ಹೊಗೆ ಒಳಗೆ ತುಂಬುತ್ತಿದ್ದರೆ ಮಾತ್ರ ಅಪ್ಪಣೆಗಾಗಿ ಕಾಯುವುದು ಸಲ್ಲದು.

ಇವನ್ನೆಲ್ಲ ಗೋಡೆಗೆ ಅಂಟಿಸಿದರೆ ಸಾಲದು. ಕಪ್ಪುಹಲಗೆಯ ಮೇಲೆ ಬರೆದದ್ದೆಲ್ಲ ಹುಡುಗರ ತಲೆಗೆ ಹೋಗುವುದಿಲ್ಲವೆಂಬುದು ಮೇಷ್ಟ್ರಾಗಿದ್ದವನಿಗೆ ಗೊತ್ತು. ಗಾರೆ ಕೆಲಸದವರು, ಗಾರ್ಮೆಂಟ್ ಹೆಣ್ಣುಮಕ್ಕಳು, ಊರಿನಿಂದ ಆಸ್ಪತ್ರೆಗೆಂದು ಬಂದ ಮುದುಕರು, ಇವರನ್ನೇ ನಿಂತ ಗಾಡಿಗೆ ಹತ್ತಿಸಿ, ಕನ್ನಡದಲ್ಲಿ ಹೇಳಿ, ಹಿಡಿಕೆಯನ್ನು ಅವರ ಕೈಯಿಂದಲೇ ಎಳೆಸಿ ತೋರಿಸಬೇಕು. ವರ್ಷಕ್ಕೊಮ್ಮೆಯಾದರೂ ಒಂದು ಭಾನುವಾರ ಇದಕ್ಕೆ ಮೀಸಲಿಡಲು ಆಡಳಿತದವರು ಸಿದ್ಧರಿದ್ದಾರೆಯೇ?