ವಕೀಲರ ಕಚೇರಿಯ ಕಂಪ್ಯೂಟರ್ ಕಾಯುವ ಕೆಲಸ

ಕಂಪ್ಯೂಟರ್ ಡಿಪ್ಲೊಮಾ ಅಥವಾ ಬಿ.ಸಿ.ಎ. ಮುಗಿಸುವ ಮಕ್ಕಳಿರುವ ಮನೆಯಲ್ಲಿ ಕೆಲಸದ ಮಾತು ಬಂತೆಂದರೆ ಅದು ನೇರವಾಗಿ ಬೆಂಗಳೂರಿನ ದೊಡ್ಡ ಕಂಪನಿಗಳ ಬಾಗಿಲಿಗೆ ಹೋಗಿ ನಿಲ್ಲುತ್ತದೆ. ಊರಿನಲ್ಲೇ ಇದ್ದು ಮಾಡಬಹುದಾದ ಕೆಲಸಗಳತ್ತ ಕಣ್ಣು ಹಾಯುವುದು ಕಡಿಮೆ. ಅಂತಹ ಒಂದು ಕೆಲಸ ನಿಮ್ಮೂರಿನ ಕೋರ್ಟಿನ ಎದುರು ಸಾಲಿನಲ್ಲೇ ಇದೆ. ವಕೀಲರ ಸಣ್ಣ ಕಚೇರಿಗಳ ಕಂಪ್ಯೂಟರ್ ವ್ಯವಸ್ಥೆಯನ್ನು ವರ್ಷಪೂರ್ತಿ ನೋಡಿಕೊಳ್ಳುವ ಕೆಲಸ ಅದು. ಕಾನೂನು ಓದುತ್ತಿರುವವರೂ ಈ ವಿಷಯ ತಿಳಿದಿರಬೇಕು. ಏಕೆಂದರೆ ನಾಳೆ ಅಂತಹ ಒಪ್ಪಂದಕ್ಕೆ ಸಹಿ ಹಾಕುವವರು ಅವರೇ.

ಜಿಲ್ಲಾ ಕೇಂದ್ರದ ಒಂದು ಸಾಧಾರಣ ಕಚೇರಿಯನ್ನು ನೆನೆಸಿಕೊಳ್ಳಿ. ಒಬ್ಬ ಹಿರಿಯ ವಕೀಲರು, ಇಬ್ಬರು ಜೂನಿಯರ್‌ಗಳು, ಒಬ್ಬ ಗುಮಾಸ್ತರು, ಒಬ್ಬ ಟೈಪಿಸ್ಟ್. ಮೂರೋ ನಾಲ್ಕೋ ಕಂಪ್ಯೂಟರ್, ಒಂದು ಪ್ರಿಂಟರ್, ಒಂದು ಸ್ಕ್ಯಾನರ್. ಕೆಟ್ಟಾಗ ಫೋನ್ ಮಾಡಿದರೆ ಒಬ್ಬರು ಬರುತ್ತಾರೆ. ‘ಫಾರ್ಮ್ಯಾಟ್ ಮಾಡಬೇಕು ಸಾರ್’ ಎನ್ನುತ್ತಾರೆ. ವಿಂಡೋಸ್ ಹೊಸದಾಗಿ ಹಾಕಿ, ಬಿಲ್ಲು ಬರೆದು ಹೋಗುತ್ತಾರೆ. ಇದಕ್ಕೆ ಎ.ಎಂ.ಸಿ. ಎಂದು ಹೆಸರು. ಯಂತ್ರವೇನೋ ಸರಿಹೋಗುತ್ತದೆ. ಆದರೆ ಯಂತ್ರ ಪೇಟೆಯಲ್ಲಿ ಕೊಂಡರೆ ಸಿಗುತ್ತದೆ, ಅದರೊಳಗೆ ಇದ್ದದ್ದು ಸಿಗುವುದಿಲ್ಲ. ವಕೀಲರ ಕಚೇರಿಯಲ್ಲಿ ಕಾಯಬೇಕಾದವು ಎರಡು: ಕಕ್ಷಿದಾರನ ಗುಟ್ಟು ಮತ್ತು ನ್ಯಾಯಾಲಯದ ಗಡುವು. ಈ ಎರಡನ್ನೂ ಕಾಯದ ಒಪ್ಪಂದ ಬರಿಯ ರಿಪೇರಿಯ ಒಪ್ಪಂದವೇ ಹೊರತು ಸೇವೆಯ ಒಪ್ಪಂದವಲ್ಲ.

ಗಡುವು ಯಾರಿಗೂ ನಿಲ್ಲದು

1963ರ ಕಾಲಮಿತಿ ಕಾಯ್ದೆಯಂತೆ ಸಿವಿಲ್ ಡಿಕ್ರಿಯ ವಿರುದ್ಧ ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಸಲು 90 ದಿನಗಳಿವೆ. ಬೇರೆ ನ್ಯಾಯಾಲಯಗಳಿಗಾದರೆ 30 ದಿನ. ತಡವಾದರೆ ತಕ್ಕ ಕಾರಣ ತೋರಿಸಿ ಮನ್ನಿಸುವಂತೆ ಕೇಳಬಹುದು. ವಾಣಿಜ್ಯ ದಾವೆಗಳಲ್ಲಿ ಕಾನೂನು ಇನ್ನೂ ಬಿಗಿ. ಸಮನ್ಸ್ ಜಾರಿಯಾದ 120 ದಿನಗಳೊಳಗೆ ಪ್ರತಿವಾದಿ ಲಿಖಿತ ಹೇಳಿಕೆ ಸಲ್ಲಿಸದಿದ್ದರೆ ಸಲ್ಲಿಸುವ ಹಕ್ಕೇ ಹೋಗುತ್ತದೆ. 119ನೆಯ ದಿನ ಕಂಪ್ಯೂಟರ್ ಕೆಟ್ಟು, ಬರೆದಿಟ್ಟ ಹೇಳಿಕೆ ಅದರೊಳಗೇ ಉಳಿದರೆ ನಷ್ಟ ಯಾರಿಗೆ? ಕೆಟ್ಟ ಯಂತ್ರದ ಬಗ್ಗೆ ಏನೂ ಅರಿಯದ, ತನ್ನ ಜಮೀನನ್ನೋ ಅಂಗಡಿಯನ್ನೋ ನಂಬಿ ಕುಳಿತ ಕಕ್ಷಿದಾರನಿಗೆ.

2007ರಲ್ಲಿ ಆರಂಭವಾದ ಇ-ಕೋರ್ಟ್ಸ್ ಯೋಜನೆಯ ದೆಸೆಯಿಂದ, 16 ಅಕ್ಷರ-ಅಂಕಿಗಳ ಸಿ.ಎನ್.ಆರ್. ಸಂಖ್ಯೆ ಕೊಟ್ಟರೆ ಮುಂದಿನ ವಿಚಾರಣೆಯ ದಿನಾಂಕ ಕುಳಿತಲ್ಲೇ ಸಿಗುತ್ತದೆ, ನಿಜ. ಆದರೆ ವಕೀಲರು ಬರೆದುಕೊಂಡ ಟಿಪ್ಪಣಿ, ಅರ್ಧ ಸಿದ್ಧವಾದ ಕರಡು, ಕಕ್ಷಿದಾರ ತಂದುಕೊಟ್ಟ ಪತ್ರಗಳ ಪ್ರತಿ ಅಲ್ಲಿ ಇರುವುದಿಲ್ಲ. ಅವನ್ನು ಕಾಯಬೇಕಾದುದು ಕಚೇರಿಯೇ.

ಆದ್ದರಿಂದ ಒಪ್ಪಂದದ ಮೊದಲ ಅಂಶ ಸಮಯ. ಕರೆ ಮಾಡಿದ ಎಷ್ಟು ಗಂಟೆಯೊಳಗೆ ಬರಬೇಕು, ಅಂದೇ ಸರಿಯಾಗದಿದ್ದರೆ ಬದಲಿ ಕಂಪ್ಯೂಟರ್ ಯಾರು ಕೊಡಬೇಕು, ಬರುವವರು ರಜೆಯಲ್ಲಿದ್ದರೆ ಬೇರೆ ಯಾರನ್ನು ಕರೆಯಬೇಕು ಎಂಬುದು ಬರಹದಲ್ಲಿರಬೇಕು. ‘ಬೇಗ ಬರುತ್ತೇವೆ’ ಎಂಬ ಮಾತಿಗೆ ಒಪ್ಪಂದದಲ್ಲಿ ಬೆಲೆಯಿಲ್ಲ.

ನಕಲು ಇದ್ದರೆ ಸಾಲದು

ಎರಡನೆಯದು ನಕಲು, ಅಂದರೆ ಬ್ಯಾಕಪ್. ಇದಕ್ಕೆ ಈ ವೃತ್ತಿಯವರು ಹೇಳುವ 3-2-1 ಎಂಬ ಸುಲಭ ಸೂತ್ರವಿದೆ. ಕಡತದ ಪ್ರತಿಗಳು ಮೂರು, ಅವು ಇರುವ ಸಾಧನಗಳು ಎರಡು ಬಗೆಯವು, ಒಂದು ಪ್ರತಿ ಕಚೇರಿಯಿಂದ ಹೊರಗೆ. ಬಹಳ ಕಡೆ ಕಂಪ್ಯೂಟರಿಗೆ ಸದಾ ಚುಚ್ಚಿಟ್ಟ ಒಂದು ಹಾರ್ಡ್ ಡಿಸ್ಕನ್ನೇ ಬ್ಯಾಕಪ್ ಎನ್ನುತ್ತಾರೆ. ಕಡತಗಳಿಗೆ ಬೀಗ ಜಡಿದು ಹಣ ಕೇಳುವ ರಾನ್ಸಮ್‌ವೇರ್ ಎಂಬ ಪಿಡುಗು ಹೊಕ್ಕರೆ, ಚುಚ್ಚಿಟ್ಟ ಆ ಡಿಸ್ಕಿಗೂ ಬೀಗ ಬೀಳುತ್ತದೆ.

ಇನ್ನೂ ಮುಖ್ಯವಾದ ಮಾತೊಂದಿದೆ. ನಕಲು ತೆಗೆಯುವುದು ಅರ್ಧ ಕೆಲಸ, ಅದರಿಂದ ಕಡತವನ್ನು ಮರಳಿ ಪಡೆದು ನೋಡುವುದು ಉಳಿದರ್ಧ. ಮೂರು ತಿಂಗಳಿಗೊಮ್ಮೆ ಯಾವುದಾದರೂ ಹಳೆಯ ಮೊಕದ್ದಮೆಯ ಕಡತವೊಂದನ್ನು ನಕಲಿನಿಂದ ತೆರೆದು ತೋರಿಸಬೇಕು, ಎಷ್ಟು ಹೊತ್ತು ಹಿಡಿಯಿತೆಂದು ಬರೆದಿಡಬೇಕು ಎಂಬ ಷರತ್ತು ಒಪ್ಪಂದದಲ್ಲಿರಲಿ. ಬಾಯಾರಿದಾಗ ಬಾವಿ ತೋಡಿದರೆ ನೀರು ಸಿಗುವ ಹೊತ್ತಿಗೆ ಗಡುವು ದಾಟಿರುತ್ತದೆ.

ಗುಟ್ಟಿನ ಹೊಣೆ

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೆಯ ಕಲಂ ಪ್ರಕಾರ, ಕಕ್ಷಿದಾರ ಹೇಳಿದ್ದನ್ನು ಅವನ ಒಪ್ಪಿಗೆಯಿಲ್ಲದೆ ವಕೀಲರು ಹೊರಗೆಡಹುವಂತಿಲ್ಲ. ಕಾನೂನುಬಾಹಿರ ಉದ್ದೇಶಕ್ಕೆ ಹೇಳಿದ ಮಾತಿನಂತಹ ಕೆಲವೇ ವಿನಾಯಿತಿಗಳಿವೆ. ವಕೀಲರ ಗುಮಾಸ್ತರಿಗೂ ನೌಕರರಿಗೂ ಇದು ಅನ್ವಯಿಸುತ್ತದೆ. ಹೊರಗಿನಿಂದ ಬರುವ ಕಂಪ್ಯೂಟರ್ ಸೇವೆಯವರ ಹೆಸರು ಮಾತ್ರ ಆ ಕಲಮಿನಲ್ಲಿ ಇಲ್ಲ. ಗುಮಾಸ್ತರಿಗೂ ಕಾಣದ ಕಡತಗಳನ್ನು ತೆರೆಯಬಲ್ಲವರು ಇವರೇ. ಬೇಲಿಯೇ ಎದ್ದು ಹೊಲ ಮೇಯಬಾರದೆಂದಿದ್ದರೆ, ಗುಟ್ಟು ಕಾಯುವ ಮಾತು ಒಪ್ಪಂದದಲ್ಲೇ ಬರೆದಿರಬೇಕು.

ಬರೆದಂತೆ ನಡೆಯುವುದೂ ಇರಬೇಕು. ಕಚೇರಿಯ ಪ್ರತಿಯೊಬ್ಬರಿಗೂ ಬೇರೆ ಬೇರೆ ಪಾಸ್‌ವರ್ಡ್, ಇ-ಮೇಲಿಗೆ ಪಾಸ್‌ವರ್ಡ್ ಜೊತೆಗೆ ಮೊಬೈಲಿನ ಎರಡನೆಯ ತಪಾಸಣೆ, ಜೂನಿಯರ್ ಕಚೇರಿ ಬಿಟ್ಟ ದಿನವೇ ಅವರ ಪ್ರವೇಶ ರದ್ದು. ದೂರದಿಂದ ಕಂಪ್ಯೂಟರ್ ತೆರೆಯುವ ತಂತ್ರಾಂಶವನ್ನು ವಕೀಲರ ಅನುಮತಿ ಇದ್ದಾಗ ಮಾತ್ರ ಬಳಸಬೇಕು. ಹಳೆಯ ಹಾರ್ಡ್ ಡಿಸ್ಕನ್ನು ಗುಜರಿಗೆ ಹಾಕುವ ಮೊದಲು ಅದರೊಳಗಿನದನ್ನು ಮತ್ತೆ ಓದಲಾಗದಂತೆ ಅಳಿಸಬೇಕು. ಗುಟ್ಟು ಒಡೆದರೆ ಏನಾಗುತ್ತದೆಂಬುದಕ್ಕೆ ಪನಾಮಾ ದೇಶದ ಮೊಸಾಕ್ ಫೊನ್ಸೆಕಾ ಸಾಕ್ಷಿ. ಆ ಕಾನೂನು ಸಂಸ್ಥೆಯ ಸುಮಾರು 1.15 ಕೋಟಿ ದಾಖಲೆಗಳು ಹೊರಬಿದ್ದ ಸುದ್ದಿ 2016ರಲ್ಲಿ ಜಗತ್ತಿಗೆ ತಿಳಿಯಿತು. 2018ರಲ್ಲಿ ಸಂಸ್ಥೆಯೇ ಬಾಗಿಲು ಮುಚ್ಚಿತು. ಅಲ್ಲಿ ಹೊರಬಿದ್ದ ವ್ಯವಹಾರಗಳ ಸರಿತಪ್ಪು ಬೇರೆಯ ಮಾತು. ಕಡತ ಕಾಯಲಾಗದ ಕಚೇರಿಯನ್ನು ಯಾರೂ ನಂಬುವುದಿಲ್ಲ ಎಂಬುದು ನಮಗೆ ಬೇಕಾದ ಪಾಠ.

ಹಳೆಯ ವಿಂಡೋಸ್, ಹಳೆಯ ನುಡಿ

ಇನ್ನೊಂದು ಅಂಶ ಕಾಲಕಾಲಕ್ಕೆ ಮಾಡುವ ನವೀಕರಣ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಪಿಡುಗು ಬ್ರಿಟನ್ನಿನ ಆಸ್ಪತ್ರೆಗಳನ್ನೂ ಸೇರಿಸಿ ಅನೇಕ ದೇಶಗಳ ಕಂಪ್ಯೂಟರುಗಳಿಗೆ ಬೀಗ ಹಾಕಿತು. ಅದು ನುಗ್ಗಿದ ಕಿಂಡಿಯನ್ನು ಮುಚ್ಚುವ ತೇಪೆಯನ್ನು ಮೈಕ್ರೋಸಾಫ್ಟ್ ಎರಡು ತಿಂಗಳ ಹಿಂದೆಯೇ ಕೊಟ್ಟಿತ್ತು. ಹಾಕಿಕೊಳ್ಳದವರು ಕೆಟ್ಟರು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅದನ್ನೇ ನಡೆಸುತ್ತಿರುವ ಕಚೇರಿಗೆ ಮುಂದೇನು ಮಾಡಬೇಕೆಂದು ಕೇಳದೆಯೇ ತಿಳಿಸುವುದು ಸೇವೆಯವರ ಕೆಲಸ. ಕಳ್ಳ ಪ್ರತಿಯ ವಿಂಡೋಸ್ ಹಾಕಿಕೊಡುವವರು ಎಷ್ಟೇ ಅಗ್ಗವಾದರೂ ಕೋರ್ಟಿನ ಬೀದಿಯಲ್ಲಿ ಅವರಿಗೆ ಜಾಗವಿರಬಾರದು.

ನಮ್ಮ ರಾಜ್ಯದ ಕಚೇರಿಗಳಿಗೆ ಕನ್ನಡದ ತೊಡಕೊಂದು ಬೇರೆ ಇದೆ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ ದಾಖಲೆ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಅಕ್ಷರಗಳ ರಾಶಿಯಾಗಿ ಕಾಣುತ್ತದೆ, ಹುಡುಕಿದರೆ ಸಿಗುವುದಿಲ್ಲ. ಮೂಲವನ್ನು ಹಾಗೆಯೇ ಉಳಿಸಿ, ಯೂನಿಕೋಡಿಗೆ ಬದಲಿಸಿದ ಪ್ರತಿಯೊಂದನ್ನು ಮಾಡಿಕೊಡುವುದೂ ಸೇವೆಯ ಪಟ್ಟಿಯಲ್ಲಿರಬೇಕು. ಇ-ಫೈಲಿಂಗಿಗೆ ಓದಬಲ್ಲಂತೆ ಸ್ಕ್ಯಾನ್ ಮಾಡುವುದು, ಡಿಜಿಟಲ್ ಸಹಿಯ ಅವಧಿ ಮುಗಿಯುವ ಮೊದಲೇ ನೆನಪಿಸುವುದು ಕೂಡ ಅದರೊಡನೆ ಬರುತ್ತವೆ.

ಮುಟ್ಟಬಾರದ್ದೂ ಇದೆ. ಕಕ್ಷಿದಾರ ಮೊಬೈಲನ್ನೋ ಪೆನ್‌ಡ್ರೈವನ್ನೋ ಸಾಕ್ಷ್ಯವೆಂದು ತಂದರೆ, ಅದನ್ನು ‘ಕ್ಲೀನ್’ ಮಾಡಹೋಗಬಾರದು. ಅದೇ ಅಧಿನಿಯಮದ 63ನೆಯ ಕಲಮಿನಂತೆ ಎಲೆಕ್ಟ್ರಾನಿಕ್ ದಾಖಲೆಯೊಡನೆ ಪ್ರಮಾಣಪತ್ರ ಕೊಡಬೇಕು. ಅದರಲ್ಲಿ ಹ್ಯಾಶ್ ಮೌಲ್ಯವನ್ನು ನಮೂದಿಸಬೇಕು. ಹ್ಯಾಶ್ ಎಂದರೆ ಕಡತದ ಬೆರಳಚ್ಚು ಇದ್ದಂತೆ. ಕಡತದಲ್ಲಿ ಒಂದು ಚುಕ್ಕೆ ಬದಲಾದರೂ ಅದು ಬೇರೆಯಾಗುತ್ತದೆ.

ವಿಪತ್ತು ಬಂದ ದಿನ, ಬಿಟ್ಟುಹೋಗುವ ದಿನ

ಕಚೇರಿಗೆ ಕನ್ನ ಬಿದ್ದರೆ ಮೊದಲು ಯಾರಿಗೆ ಫೋನ್ ಮಾಡಬೇಕು? ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಲ್ಲಿ, ಇಂತಹ ಘಟನೆ ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕೆಂದು ಸೇವೆ ಒದಗಿಸುವವರಿಗೂ ಸಂಸ್ಥೆಗಳಿಗೂ ಹೇಳಿದೆ. ಆ ವರದಿ ಯಾರು ಮಾಡಬೇಕೆಂದು ಮೊದಲೇ ಗೊತ್ತಿರಬೇಕು. ಹಾಗೆಯೇ ಒಪ್ಪಂದ ಮುಗಿದ ದಿನ ಎಲ್ಲ ಪಾಸ್‌ವರ್ಡ್, ಎಲ್ಲ ನಕಲು ವಕೀಲರ ಕೈಗೆ ಬರಬೇಕು. ಕಚೇರಿಯ ಇ-ಮೇಲ್ ವಿಳಾಸದ ನೋಂದಣಿ ವಕೀಲರ ಹೆಸರಿನಲ್ಲೇ ಇರಬೇಕು. ಕೀಲಿಕೈ ಇಟ್ಟುಕೊಂಡು ಗಿರಾಕಿಯನ್ನು ಉಳಿಸಿಕೊಳ್ಳುವುದು ವ್ಯಾಪಾರವಲ್ಲ.

ಈ ಕೆಲಸಕ್ಕೆ ಇಳಿಯಬೇಕೆನ್ನುವ ವಿದ್ಯಾರ್ಥಿಗಳು ನೆಟ್‌ವರ್ಕ್, ಬ್ಯಾಕಪ್, ಸುರಕ್ಷತೆ ಕಲಿಯುವುದರ ಜೊತೆಗೆ ಕೋರ್ಟಿನ ದಿನಚರಿಯನ್ನೂ ತಿಳಿದುಕೊಳ್ಳಬೇಕು. ಮೊದಲು ಅನುಭವಸ್ಥರ ಕೈಕೆಳಗೆ ಒಂದೆರಡು ವರ್ಷ ದುಡಿಯುವುದು ಒಳ್ಳೆಯದು. ತಂದೆ-ತಾಯಿಯರು ಗಮನಿಸಬೇಕಾದ ಮಾತೂ ಇದೆ. ಇಲ್ಲಿ ದೊಡ್ಡ ಬಂಡವಾಳಕ್ಕಿಂತ ಬಾಯಿಗಟ್ಟು ಮುಖ್ಯ. ಕಂಡದ್ದನ್ನು ಮನೆಯಲ್ಲೂ ಹೇಳದ ಮಗ ಅಥವಾ ಮಗಳು ಈ ವೃತ್ತಿಗೆ ಸರಿ.

ಇನ್ನು, ಮುಂದೆ ಜೂನಿಯರ್ ಆಗಿ ವಕೀಲರ ಕಚೇರಿ ಸೇರಲಿರುವ ಕಾನೂನು ವಿದ್ಯಾರ್ಥಿಗಳು ಮೊದಲ ವಾರದಲ್ಲೇ ಹಿರಿಯರನ್ನು ವಿನಯದಿಂದ ಕೇಳಬಹುದಾದ ಒಂದು ಪ್ರಶ್ನೆ ಇದೆ: ‘ಸಾರ್, ನಮ್ಮ ಬ್ಯಾಕಪ್ಪಿನಿಂದ ಒಂದು ಕಡತವನ್ನು ಕೊನೆಯ ಸಲ ತೆರೆದು ನೋಡಿದ್ದು ಯಾವಾಗ?’ ಉತ್ತರ ಸಿಗದಿದ್ದರೆ ಅಂದೇ ಸಂಜೆ ಒಂದನ್ನು ತೆರೆದು ನೋಡಿ.